ಜೂನ್ ಮೊದಲ ಎರಡು ವಾರ ಮುಖ್ಯಶಿಕ್ಷಕರು ಎಲ್ಲಿರಬೇಕು?

ಮೇ ಕೊನೆಯಲ್ಲಿ ಶಾಲೆಯ ಬೀಗ ತೆಗೆದರೆ ಮೂಗಿಗೆ ಬಡಿಯುವುದು ವಾರಗಟ್ಟಲೆ ಮುಚ್ಚಿಟ್ಟ ಕೋಣೆಯ ವಾಸನೆ. ಕಿಟಕಿಯ ಚೌಕಟ್ಟಿಗೆ ಒರಲೆ ಹತ್ತಿರುತ್ತದೆ, ಮಂಗಗಳು ಹಾರಾಡಿ ಒಂದೆರಡು ಹಂಚು ಜರುಗಿರುತ್ತವೆ, ಉತ್ತರ ಕನ್ನಡದ ಕಾರವಾರ–ಅಂಕೋಲೆಯ ಕಡಲಬದಿಯ ಶಾಲೆಯಾದರೆ ಉಪ್ಪುಗಾಳಿಗೆ ಬೀಗವೂ ತುಕ್ಕು ಹಿಡಿದಿರುತ್ತದೆ. ಹೆಚ್ಚೆಂದರೆ ಹತ್ತು ದಿನ, ಮಳೆ ಹಿಡಿಯುತ್ತದೆ. ಅದೇ ಹತ್ತು ದಿನದಲ್ಲಿ ಮುಖ್ಯಶಿಕ್ಷಕರ ಮೇಜಿನ ಮೇಲೆ ದಾಖಲಾತಿ, ಸ್ಯಾಟ್ಸ್ (ಪ್ರತಿ ಮಗುವಿನ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಮಾಹಿತಿ, ಪಠ್ಯಪುಸ್ತಕ–ಸಮವಸ್ತ್ರದ ಲೆಕ್ಕ, ಬಿಸಿಯೂಟದ ದಾಸ್ತಾನು, ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ವರ್ಷಾರಂಭದ ಪಾಠ) ವರದಿ ಎಲ್ಲವೂ ಬಂದು ಕೂರುತ್ತವೆ. ಬಹಳಷ್ಟು ಮುಖ್ಯಶಿಕ್ಷಕರು ಆ ಮೇಜಿಗೇ ಕಟ್ಟುಬೀಳುತ್ತಾರೆ. ತಪ್ಪು ಅವರದ್ದೆಂದು ಹೇಳಲಾಗದು. ಆದರೂ ಶಾಲೆ ಆ ವರ್ಷ ಹೇಗೆ ನಡೆಯುತ್ತದೆ ಎಂಬುದು ಹೆಚ್ಚಾಗಿ ತೀರ್ಮಾನವಾಗುವುದು ಆ ಎರಡು ವಾರ ಅವರು ಎಲ್ಲಿ ನಿಂತಿದ್ದರು ಎಂಬುದರ ಮೇಲೆ.

ಬೆಳಿಗ್ಗೆ ಗೇಟು, ಮೊದಲ ಅವಧಿಯಲ್ಲಿ ಒಂದನೇ ತರಗತಿಯ ಬಾಗಿಲು, ಹತ್ತೂವರೆಯ ಹೊತ್ತಿಗೆ ಅಡುಗೆಕೋಣೆ, ಆಮೇಲೆ ಯಾವುದಾದರೂ ಒಂದು ತರಗತಿಯ ಹಿಂದಿನ ಬೆಂಚು. ಮಧ್ಯಾಹ್ನದ ಊಟ ಮುಗಿಯುವ ತನಕ ಕುರ್ಚಿ ಖಾಲಿ ಇರಲಿ. ಸ್ಯಾಟ್ಸ್ ಕೆಲಸ ಸಂಜೆಗಿರಲಿ. ಹಗಲು ಸರ್ವರ್ ನಿಧಾನವಾಗಿ ಓಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ದಾಖಲೆಯ ಕೆಲಸವನ್ನು ಶಿಕ್ಷಕರಿಗೆ ಹಂಚುವ ರೂಢಿ ಇದೆಯಲ್ಲ, ಜೂನ್‌ನಲ್ಲಿ ಮಾತ್ರ ಅದನ್ನು ಮುಖ್ಯಶಿಕ್ಷಕರು ತಮ್ಮ ಮೇಲೆ ಎಳೆದುಕೊಳ್ಳುವುದು ಒಳ್ಳೆಯದು. ಒಬ್ಬ ಅಕ್ಕೋರಿಗೆ (ಶಿಕ್ಷಕಿಗೆ) ದಿನಕ್ಕೆ ಒಂದು ಅವಧಿ ಉಳಿಸಿಕೊಟ್ಟರೆ ಅದರಷ್ಟು ದೊಡ್ಡ ಸಹಾಯ ಇನ್ನೊಂದಿಲ್ಲ.

ಜೊಯಿಡಾ, ಸಿದ್ದಾಪುರದ ಒಳಊರುಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮುಖ್ಯಶಿಕ್ಷಕರೂ ಅವರೇ, ಐದು ತರಗತಿಗೂ ಅವರೇ. ಅಲ್ಲಿ ಈ ಓಡಾಟ ಸಾಧ್ಯವಿಲ್ಲ. ಅಂಥ ಶಾಲೆಯಲ್ಲಿ ಎಸ್‌ಡಿಎಂಸಿಯ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ) ಇಬ್ಬರು ಸದಸ್ಯರನ್ನು ಮೇ ತಿಂಗಳಲ್ಲೇ ಮಾತಾಡಿಸಿ, ಒಬ್ಬರಿಗೆ ಮಾಡು ಮತ್ತು ಬಾವಿ, ಇನ್ನೊಬ್ಬರಿಗೆ ದಾರಿ ಮತ್ತು ಹಳ್ಳ ಎಂದು ಹೆಸರು ಹಿಡಿದು ಒಪ್ಪಿಸಬೇಕು. ‘ಎಲ್ಲರೂ ಸಹಕರಿಸಿ’ ಎಂದರೆ ಯಾರೂ ಬರುವುದಿಲ್ಲ. ‘ನಿಮ್ಮ ಮನೆಯ ಏಣಿ ತಂದು ಶನಿವಾರ ಮಧ್ಯಾಹ್ನ ಎಂಟು ಹಂಚು ಬದಲಿಸಿಕೊಡಿ’ ಎಂದರೆ ಬರುತ್ತಾರೆ.

ಸಭೆಯ ದಿನವನ್ನೂ ಊರಿನ ಕೆಲಸ ನೋಡಿ ಇಡಬೇಕು. ಶಿರಸಿ ಕಡೆ ಜೂನ್ ಎಂದರೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ, ಗದ್ದೆ ಹಸನು ಮಾಡುವ ಸಮಯ. ಮಳೆ ಬಿಟ್ಟ ಹಗಲು ಯಾರೂ ಸಿಗುವುದಿಲ್ಲ, ಸಂಜೆ ಆರರ ಮೇಲೆ ಕರೆದರೆ ಸಿಗುತ್ತಾರೆ. ಕರಾವಳಿಯದ್ದು ಬೇರೆ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ. ಅಪ್ಪಂದಿರು ಮನೆಯಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ಬೆಲ್ಟು, ಗುರುತಿನ ಚೀಟಿ, ನೋಟ್‌ಬುಕ್ ಎಂದು ಆಗಲೇ ಹಣ ಕೇಳಿದರೆ ಮಗು ಮೂರು ದಿನ ಶಾಲೆ ತಪ್ಪಿಸುತ್ತದೆ, ಕಾರಣ ಹೇಳುವುದಿಲ್ಲ. ಅದೇ ಅಪ್ಪಂದಿರಿಗೆ ಬಲೆ ಕಟ್ಟುವ ಹಗ್ಗದ ಕೆಲಸ, ಬಣ್ಣ ಬಳಿಯುವ ಕೆಲಸ, ಬಾಗಿಲು ರಿಪೇರಿ ಎಲ್ಲ ಬರುತ್ತದೆ. ಹಣ ಕೇಳುವ ಜಾಗದಲ್ಲಿ ಅರ್ಧ ದಿನದ ಕೈಕೆಲಸ ಕೇಳಿ, ಆಮೇಲೆ ಪ್ರಾರ್ಥನೆಯ ಹೊತ್ತಿಗೆ ಅವರ ಮಗುವಿನ ಎದುರಿಗೇ ಆ ಕೆಲಸದ ಹೆಸರು ಹೇಳಿ.

ದಾರಿಯ ವಿಷಯಕ್ಕೆ ತುಸು ಹೆಚ್ಚು ಸಮಯ ಕೊಡಬೇಕು. ಘಟ್ಟದ ಮೇಲಿನ, ಘಟ್ಟದ ಬುಡದ ಬಹಳ ಮಕ್ಕಳು ಹಳ್ಳ ದಾಟಿಯೇ ಬರುತ್ತಾರೆ. ಕೆಲವು ಕಡೆ ಕಾಂಕ್ರೀಟು ಸೇತುವೆ ಆಗಿದೆ, ಉಳಿದ ಕಡೆ ಕಾಲುಸಂಕವೇ ಗತಿ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಸಂಕ ಒಂದು ಮಳೆಗಾಲ ತಡೆದರೆ ಹೆಚ್ಚು; ಎರಡನೇ ವರ್ಷ ಮೇಲೆ ಗಟ್ಟಿ ಕಂಡರೂ ಕಟ್ಟಿನ ಬಳಿ ಒಳಗೆ ಕೊಳೆತಿರುತ್ತದೆ. ಮಳೆಗೆ ಮೊದಲು ಮುಖ್ಯಶಿಕ್ಷಕರು ಒಂದು ಶನಿವಾರ ಆ ದಾರಿಯಲ್ಲಿ ನಡೆದು ನೋಡಬೇಕು. ಡ್ರಾಯಿಂಗ್ ಹಾಳೆಯ ಮೇಲೆ ಶಾಲೆ, ಕೇರಿ, ಹಳ್ಳ, ಸಂಕ ಬರೆದು, ಯಾವ ಮನೆಯ ಮಗು ಯಾರ ಜೊತೆ ಬರುತ್ತದೆ ಎಂದು ಗುರುತು ಹಾಕಬೇಕು. ಹಿಡಿದುಕೊಳ್ಳಲು ಎರಡೂ ಬದಿ ಬಿದಿರು ಅಥವಾ ಹಗ್ಗ ಇರಬೇಕು. ಒಂದೇ ಬದಿ ಇದ್ದರೆ ಬ್ಯಾಗು, ಕೊಡೆ ಎರಡೂ ಇರುವ ಮಗುವಿಗೆ ಅದು ಸಾಲದು. ಹಳ್ಳದ ಆಚೆ ದಡದಲ್ಲಿ ಒಬ್ಬ ದೊಡ್ಡವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಮಕ್ಕಳಿಗೆ ನಿಯಮ ಒಂದೇ: ನೀರು ದಬ್ಬೆಗೆ ತಾಗಿದ್ದರೆ ದಾಟಬಾರದು, ಮನೆಗೆ ತಿರುಗಬೇಕು. ಮರುದಿನ ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಯಾವ ಮಾಸ್ತರೂ ಗದರಿಸಬಾರದು. ಒಮ್ಮೆ ಗದರಿಸಿದರೆ ಆ ನಿಯಮ ಸತ್ತಂತೆ. ಬಯ್ಗುಳಕ್ಕೆ ಹೆದರಿದ ಮಗು ಮುಂದಿನ ಸಲ ನೀರು ತಾಗಿದ ಸಂಕವನ್ನೂ ದಾಟುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಅಂಥ ದಿನ ಕುಮಟಾ ಕಡೆಯಿಂದ ಬರುವ ಶಿಕ್ಷಕರು ಅಂಕೋಲಾ ಕಡೆಯ ಶಾಲೆ ಮುಟ್ಟಲಾರರು. ರಜೆ ಘೋಷಣೆ ತಡವಾದರೆ ಮಕ್ಕಳು ಬಂದು ಬೀಗ ಹಾಕಿದ ಬಾಗಿಲ ಎದುರು ನೆನೆಯುತ್ತಾರೆ. ಹಾಗಾಗಿ ಶಾಲೆಯ ಎರಡನೇ ಕೀಲಿಕೈ ಶಾಲೆಗೆ ಅತಿ ಹತ್ತಿರದ ಮನೆಯಲ್ಲಿರಲಿ, ಹೊಳೆಯ ಈಚೆ ದಡದಲ್ಲಿ.

ಅಡುಗೆಕೋಣೆಗೆ ಬರೋಣ. ಬಿಸಿಯೂಟದ ಪ್ರಮಾಣ ಗೊತ್ತಿದ್ದದ್ದೇ: 1ರಿಂದ 5ನೇ ತರಗತಿಯ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, 6ರಿಂದ 8ರವರಿಗೆ ಅಕ್ಕಿ 150, ಬೇಳೆ 30, ತರಕಾರಿ 75. ಕಿರಿಯರು 30, ಹಿರಿಯರು 20 ಇದ್ದರೆ ಎರಡೂ ಕಡೆಗೆ ತಲಾ 3 ಕಿಲೋ, ಒಟ್ಟು 6 ಕಿಲೋ ಅಕ್ಕಿ. ಜೂನ್‌ನಲ್ಲಿ ಎಡವಟ್ಟಾಗುವುದು ತಲೆಲೆಕ್ಕದಲ್ಲಿ. ಹಾಜರಿ ದಿನಕ್ಕೊಂದು ತರಹ ಇರುತ್ತದೆ, ಅಡುಗೆಯವರು ನಿನ್ನೆಯ ಲೆಕ್ಕಕ್ಕೆ ಅಕ್ಕಿ ತೊಳೆದಿರುತ್ತಾರೆ, ಕೊನೆಯ ಸಾಲಿನ ಹಿರಿಯ ಮಕ್ಕಳಿಗೆ ಸಾರು ನೀರಾಗುತ್ತದೆ. ಮೊದಲ ಅವಧಿಯ ಹಾಜರಿ ಮುಗಿದ ಕೂಡಲೇ ಮುಖ್ಯಶಿಕ್ಷಕರೇ ಚೀಟಿ ಹಿಡಿದು ಅಡುಗೆಕೋಣೆಗೆ ಹೋದರೆ ಆ ತೊಂದರೆ ಅಲ್ಲಿಗೇ ಮುಗಿಯಿತು. ಹೋದಾಗ ಅಕ್ಕಿ ಚೀಲ ನೆಲಕ್ಕೆ, ಗೋಡೆಗೆ ತಾಗಿದೆಯೇ ನೋಡಬೇಕು. ಮಳೆಗಾಲದ ಗೋಡೆ ಬೆವರುತ್ತದೆ, ಚೀಲದ ಬೆನ್ನಿಗೆ ಬೂಸ್ಟು ಬರುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿಸಿ. ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿ, ಪುಡಿ 18 ಗ್ರಾಂ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಮಕ್ಕಳು ಲೋಟ ಚೆಲ್ಲುತ್ತಾರೆ. ಉಗುರುಬೆಚ್ಚಗಿನ ನೀರಲ್ಲಿ ಮೊದಲು ಕಲಸಿಕೊಂಡು ಆಮೇಲೆ ಬಿಸಿನೀರಿಗೆ ಸೇರಿಸಬೇಕು. ಇದನ್ನು ಹೇಳುವಾಗ ತಪ್ಪು ಹಿಡಿಯುವ ದನಿ ಬೇಡ. ಅಡುಗೆಯ ಅಕ್ಕಂದಿರು ಅತಿ ಕಡಿಮೆ ಸಂಭಾವನೆಗೆ ದುಡಿಯುವವರು, ಶಾಲೆಯಲ್ಲಿ ಮೆಚ್ಚುಗೆಯ ಮಾತು ಅತಿ ಕಡಿಮೆ ಕಿವಿಗೆ ಬೀಳುವವರೂ ಅವರೇ. ಬಡಿಸುವ ಮೊದಲು ರುಚಿ ನೋಡಿ ವಹಿಯಲ್ಲಿ ಬರೆಯುವುದು ನಿಯಮ. ರುಚಿ ನೋಡಿದ ಮೇಲೆ ‘ಅಕ್ಕಾ, ಇವತ್ತು ಸಾಂಬಾರಿನ ಹದ ಸರಿ ಬಂದಿದೆ, ನುಗ್ಗೆಸೊಪ್ಪು ಹಾಕಿದ್ದು ಒಳ್ಳೆಯದಾಯಿತು’ ಎನ್ನಲು ಯಾವ ಸುತ್ತೋಲೆಯೂ ಬೇಕಿಲ್ಲ.

ಬಾವಿ ನೀರಿನದ್ದು ಲೆಕ್ಕ ಹಾಕಿಯೇ ಮಾಡಬೇಕಾದ ಕೆಲಸ, ಅಂದಾಜಿಗೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಎಸೆಯುವುದಲ್ಲ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ 4ರಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. ಅಡ್ಡಳತೆ 3 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 28 ಸಾವಿರ ಲೀಟರ್. ಒಳ್ಳೆಯ ಪುಡಿಯಾದರೆ 1000 ಲೀಟರಿಗೆ 2.5 ಗ್ರಾಂ, ಅಂದರೆ 70 ಗ್ರಾಂ. ಜುಲೈನಲ್ಲಿ ಅದೇ ಬಾವಿಯ ನೀರು 7 ಮೀಟರಿಗೆ ಏರಿದರೆ 125 ಗ್ರಾಂ ಹತ್ತಿರ ಬೇಕು. ಮೇ ತಿಂಗಳ ಅಳತೆ ಹಿಡಿದುಕೊಂಡು ಕೂತರೆ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಆಯಿತು. ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಬಾವಿಗಿಳಿಸಿ, ಹಗ್ಗ ಎಳೆದು ಬಿಟ್ಟು ನೀರು ಕದಡಬೇಕು. ಒಂದು ಬಕೆಟ್‌ಗೆ 100 ಗ್ರಾಂಗಿಂತ ಹೆಚ್ಚು ಪುಡಿ ಬೇಡ. ಕಡೇಪಕ್ಷ ಒಂದು ಗಂಟೆ ನೀರು ಸೇದಬಾರದು, ಆದ್ದರಿಂದ ಶಾಲೆ ಬಿಟ್ಟ ಮೇಲೆ ಮಾಡುವುದು ಅನುಕೂಲ. ನೀರು ರಾಡಿಯಾಗಿದ್ದರೆ ತಿಳಿಯಾಗುವ ತನಕ ಕಾಯಿರಿ. ಕೆಸರು ಕ್ಲೋರಿನ್ನನ್ನು ತಿಂದುಬಿಡುತ್ತದೆ. ಕಳೆದ ವರ್ಷ ಬಾಯಿ ಬಿಚ್ಚಿದ ಚೀಲದ ಪುಡಿ ನಮ್ಮ ತೇವದ ಹವೆಯಲ್ಲಿ ಸತ್ವ ಕಳೆದುಕೊಂಡಿರುತ್ತದೆ, ಹೊಸದು ತನ್ನಿ. ಏಳನೇ ತರಗತಿಯವರಿಗೆ ವೃತ್ತದ ಲೆಕ್ಕ ಕಲಿಸುವಾಗ ಅಡ್ಡಳತೆ ತೆಗೆಯುವ, ಗುಣಾಕಾರ ಮಾಡುವ ಕೆಲಸ ಮಕ್ಕಳಿಗೇ ಕೊಡಬಹುದು. ಪುಡಿ ಮುಟ್ಟುವುದು, ಬಾವಿಕಟ್ಟೆಗೆ ಬಗ್ಗುವುದು ದೊಡ್ಡವರ ಕೆಲಸ.

ಇನ್ನು ತರಗತಿ. ಹೊಸ ಅತಿಥಿ ಶಿಕ್ಷಕರು ಬಂದಾಗ ಉಳಿದವರು ಬೇಡವೆಂದ ತರಗತಿ ಅವರ ಪಾಲಿಗೆ ಬರುವುದು ಹಲವು ಕಡೆಯ ರೂಢಿ. ಇದು ಸರಿಯಲ್ಲ. ಒಂದನೇ ತರಗತಿ ಶಾಲೆಯಲ್ಲೇ ಹೆಚ್ಚು ಪಳಗಿದವರ ಕೈಯಲ್ಲಿರಬೇಕು. ಹೊಸಬರಿಗೆ ಅವರು ಚೆನ್ನಾಗಿ ಬಲ್ಲ ಒಂದು ವಿಷಯ, ಜೊತೆಗೆ ಮೊದಲ ವಾರ ದಿನಕ್ಕೊಮ್ಮೆ ಪಕ್ಕದ ತರಗತಿಯಲ್ಲಿ ಕೂತು ನೋಡುವ ಅವಕಾಶ ಸಿಗಬೇಕು. ಅವರ ಗೌರವಧನ ತಡವಾಗುವುದನ್ನು ಮುಖ್ಯಶಿಕ್ಷಕರು ತಪ್ಪಿಸಲಾರರು, ಆದರೆ ಹಾಜರಿ ಪತ್ರ ತಿಂಗಳ ಮೊದಲ ದಿನವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮುಟ್ಟುವಂತೆ ಮಾಡಬಹುದು.

ಸೇತುಬಂಧದಲ್ಲಿ ಕೆಲಸ ಕೆಡುವುದು ಪೂರ್ವ ಪರೀಕ್ಷೆಯಾದ ಮೇಲೆ. ಅಂಕದ ಪಟ್ಟಿ ತಯಾರಾಗುತ್ತದೆ, ಪಾಠ ಮಾತ್ರ ಎಲ್ಲರಿಗೂ ಒಂದೇ ನಡೆಯುತ್ತದೆ, ಕೊನೆಗೆ ಸಾಫಲ್ಯ ಪರೀಕ್ಷೆಯ ಅಂಕ ತಾನಾಗಿ ಏರಿರುತ್ತದೆ. ಕಾರವಾರದ ಕಡೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ‘ಉದಾಕ್’, ‘ಪಾವ್ಸ್’ ಗೊತ್ತು, ನೀರು–ಮಳೆ ಎಂಬ ಕನ್ನಡದ ಪದ ಬಾಯಿಗೆ ಬಂದಿರುವುದಿಲ್ಲ. ಅದನ್ನು ‘ತಿಳಿದಿಲ್ಲ’ ಎಂದು ಗುರುತು ಹಾಕಿದರೆ ಮಗುವಿಗೆ ಅನ್ಯಾಯ. ಬಾಯಿಮಾತಿನ ಪ್ರಶ್ನೆಗೆ ಕೊಂಕಣಿಯಲ್ಲಿ ಬಂದ ಉತ್ತರವನ್ನೂ ಒಪ್ಪಿ, ಪಕ್ಕದಲ್ಲಿ ‘ಕನ್ನಡ ಪದ ಬೇಕು’ ಎಂದು ಬರೆದುಕೊಳ್ಳಲು ಶಿಕ್ಷಕರಿಗೆ ಹೇಳಿ. ಹಿಂದುಳಿದ ಐದಾರು ಮಕ್ಕಳೊಂದಿಗೆ ಅವರು ಕೂರುವ ಅರ್ಧ ಗಂಟೆ ಉಳಿದ ತರಗತಿಯನ್ನು ಮುಖ್ಯಶಿಕ್ಷಕರೇ ತೆಗೆದುಕೊಳ್ಳಲಿ. ನೌಕಾನೆಲೆ, ರಸ್ತೆ ಕೆಲಸಕ್ಕೆ ಬಂದ ಕೂಲಿಕಾರರ ಮಕ್ಕಳು ವರ್ಗಾವಣೆ ಪತ್ರವಿಲ್ಲದೆ ಬರುತ್ತಾರೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪತ್ರ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಬಂದ ದಿನವೇ ತರಗತಿಯಲ್ಲಿ ಕೂರಿಸಿ, ಪತ್ರ ಆಮೇಲೆ ತರಿಸಿ.

ಪ್ರೋತ್ಸಾಹ ಎನ್ನುವುದು ದೊಡ್ಡ ಮಾತಾಗಬೇಕಿಲ್ಲ, ಕಣ್ಣಾರೆ ಕಂಡ ಮಾತಾಗಿರಬೇಕು. ತರಗತಿಯಲ್ಲಿ ಹದಿನೈದು ನಿಮಿಷ ಕೂತು ಬಂದು ‘ಚೆನ್ನಾಗಿತ್ತು ಅಕ್ಕೋರೆ’ ಎಂದರೆ ಅವರಿಗೆ ಏನೂ ಸಿಕ್ಕಂತಲ್ಲ. ‘ಕಳೆಯುವ ಲೆಕ್ಕಕ್ಕೆ ಹುಣಸೆಬೀಜ ಕೊಟ್ಟಿರಿ, ಆ ಹುಡುಗಿ ತಪ್ಪಿದಾಗಲೂ ಉತ್ತರ ಹೇಳಿಕೊಡದೆ ಕಾದಿರಿ, ಅವಳೇ ಸರಿ ಮಾಡಿಕೊಂಡಳು’ ಎಂದರೆ ನಾಳೆಯೂ ಅವರು ಕಾಯುತ್ತಾರೆ. ಮಾತು ಅದೇ ದಿನ ಆಗಲಿ. ಮೆಚ್ಚುಗೆಯ ಬಾಲಕ್ಕೆ ‘ಆದರೆ’ ಬೇಡ, ಕೆಲಸ ಹೇಳುವುದೂ ಬೇಡ. ಹೊಗಳಿಕೆಯ ಬೆನ್ನಿಗೇ ಒಂದು ವರದಿ ಕೇಳಿದರೆ ಮುಂದಿನ ಸಲ ಹೊಗಳಿದಾಗ ಅವರು ವರದಿಗೆ ಕಾಯುತ್ತಾರೆ. ತಿದ್ದುವ ಮಾತಿದ್ದರೆ ಬೇರೆ ದಿನ, ಒಬ್ಬರೇ ಇದ್ದಾಗ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರನ್ನೇ ಹೊಗಳುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಮಕ್ಕಳ ವಿಷಯದಲ್ಲೂ ಹೀಗೇ. ವಾರ ತಪ್ಪಿಸಿ ಬಂದ ಮಗುವಿಗೆ ‘ಎಲ್ಲಿ ಹೋಗಿದ್ದೆ ಇಷ್ಟು ದಿನ’ ಎಂದು ಬಾಗಿಲಲ್ಲೇ ಕೇಳಿದರೆ ಮುಂದಿನ ವಾರ ಅದು ಬರುವುದಿಲ್ಲ. ‘ಬಾ, ನಿನ್ನ ಜಾಗ ಹಾಗೇ ಇದೆ’ ಎಂದು ಕೂರಿಸಿ, ಕಾರಣವನ್ನು ಊಟದ ಹೊತ್ತಿಗೆ ಕೇಳಿ.

ಶಾಲಾ ಸಂಸತ್ತಿನ ಚುನಾವಣೆ ಮಳೆ ಸ್ವಲ್ಪ ಇಳಿದ ಮೇಲೆ ಇಟ್ಟರೂ ನಡೆಯುತ್ತದೆ. ಮಂತ್ರಿಯಾದ ಮಗುವಿಗೆ ಬೆತ್ತ, ಹೆಸರು ಬರೆದುಕೊಳ್ಳುವ ಚೀಟಿ ಕೊಡಬೇಡಿ, ಕೆಲಸ ಕೊಡಿ. ಆರೋಗ್ಯ ಮಂತ್ರಿ ಒದ್ದೆಯಾಗಿ ಬಂದ ಚಿಕ್ಕವರಿಗೆ ಒಣ ಟವೆಲು ಕೊಟ್ಟು, ಜಗುಲಿಯ ಹಗ್ಗಕ್ಕೆ ಅವರ ಅಂಗಿ ಹರವಲಿ. ಶೌಚಾಲಯ ತೊಳೆಯುವುದನ್ನು ಯಾವ ಮಂತ್ರಿಗೂ, ಯಾವ ಮಗುವಿಗೂ ಹಚ್ಚುವಂತಿಲ್ಲ, ಇಲಾಖೆಯ ಆದೇಶವೇ ಇದೆ.

ಮುಖ್ಯಶಿಕ್ಷಕರೇ ಎಲ್ಲವನ್ನೂ ಮಾಡಿಬಿಡುವ ಅಪಾಯವೂ ಇದೆ. ಕಸ ಗುಡಿಸುವುದೂ ಅವರೇ, ಗಂಟೆ ಹೊಡೆಯುವುದೂ ಅವರೇ ಆದಾಗ ಉಳಿದವರು ನೋಡುತ್ತಾ ನಿಲ್ಲುತ್ತಾರೆ. ಎರಡನೇ ವಾರದ ಕೊನೆಗೆ ಬಿಇಒ ಕಚೇರಿಯ ಸಭೆ ಬಂದೇ ಬರುತ್ತದೆ. ಆ ದಿನ ಯಾರಿಗೂ ವಿಶೇಷ ಸೂಚನೆ ಕೊಡದೆ ಹೋಗಿ. ಸಂಜೆ ಮರಳಿ, ಅಡುಗೆಕೋಣೆಗೆ ತಲೆಲೆಕ್ಕದ ಚೀಟಿ ಯಾರು ಒಯ್ದರು, ಮಳೆ ಜೋರಾದಾಗ ಹಳ್ಳದಾಚೆಯ ಮಕ್ಕಳನ್ನು ಯಾರ ಜೊತೆ ಕಳಿಸಿದರು ಎಂದು ಕೇಳಿ. ಯಾರೂ ಒಯ್ದಿರದಿದ್ದರೆ ಸೋಮವಾರದಿಂದ ಆ ಚೀಟಿ ಒಬ್ಬ ಅಕ್ಕೋರ ಕೈಗೆ ಹೋಗಲಿ. ಮುಖ್ಯಶಿಕ್ಷಕರು ಒಂದು ವಾರ ಅವರ ಜೊತೆಗೆ ಅಡುಗೆಕೋಣೆಯ ಬಾಗಿಲ ತನಕ ನಡೆದು ಹೋದರೆ ಸಾಕು.