ಪಲಾಲಿ ರಸ್ತೆ ತೆರೆಯಿತು, ಪಕ್ಕದ ಹೊಲ ತೆರೆಯಲಿಲ್ಲ

2025ರ ಏಪ್ರಿಲ್ 10ರಂದು ಶ್ರೀಲಂಕಾದ ಉತ್ತರ ತುದಿಯಲ್ಲಿ ಒಂದು ರಸ್ತೆ ತೆರೆಯಿತು. ಜಾಫ್ನಾದಿಂದ ಪಲಾಲಿಗೆ ಹೋಗುವ ಹಳೆಯ ದಾರಿ ಅದು. ಅದರ ಒಂದು ಭಾಗ 1990ರಲ್ಲಿ ಸೇನೆಯ ಬೇಲಿಯೊಳಗೆ ಸೇರಿಹೋಗಿ, ಸುಮಾರು 35 ವರ್ಷ ಸಾಮಾನ್ಯರಿಗೆ ಮುಚ್ಚಿಯೇ ಇತ್ತು. ತೆರೆದ ದಿನ ಪಕ್ಕದಲ್ಲಿ ಸೂಚನಾ ಫಲಕವೂ ಎದ್ದು ನಿಂತಿತ್ತು. ಹಗಲು ಹೊತ್ತು ಮಾತ್ರ ಸಂಚಾರ. ನಡೆದು ಹೋಗುವಂತಿಲ್ಲ. ನಡುದಾರಿಯಲ್ಲಿ ವಾಹನ ನಿಲ್ಲಿಸುವಂತಿಲ್ಲ, ಹಿಂದಕ್ಕೆ ತಿರುಗಿಸುವಂತಿಲ್ಲ. ಫೋಟೊ ತೆಗೆಯುವಂತಿಲ್ಲ. ವೇಗ 40 ಕಿಲೋಮೀಟರ್ ಮೀರುವಂತಿಲ್ಲ. ಬಸ್ಸಿನ ಕಿಟಕಿಯಿಂದ ತಮ್ಮ ಊರನ್ನು ನೋಡಿಕೊಂಡು ಹೋಗಬಹುದಿತ್ತು, ಇಳಿಯುವ ಹಾಗಿರಲಿಲ್ಲ.

ಯುದ್ಧ ಮುಗಿದು 16 ವರ್ಷವಾದ ದೇಶದ ಸ್ಥಿತಿ ಏನೆಂದು ಕೇಳಿದವರಿಗೆ ಆ ಫಲಕವನ್ನು ತೋರಿಸಿದರೆ ಸಾಕು ಎನಿಸುತ್ತದೆ. ಗುಂಡಿನ ಸದ್ದು ನಿಂತಿದೆ, ರೈಲು ಓಡುತ್ತಿದೆ, ಚೆನ್ನೈಯಿಂದ ವಿಮಾನವೂ ಬರುತ್ತಿದೆ. ನೆಲ ಮಾತ್ರ ಪೂರ್ತಿಯಾಗಿ ಮರಳಿಲ್ಲ.

ಶ್ರೀಲಂಕಾದ ಯುದ್ಧ ಎಂದರೆ ನಮ್ಮಲ್ಲಿ ಭಾಷೆಯ ಜಗಳ ಎಂದೇ ನೆನಪು. 1956ರ ಸಿಂಹಳ ಮಾತ್ರ ಕಾಯ್ದೆ, ವಿಶ್ವವಿದ್ಯಾಲಯದ ಸೀಟುಗಳಿಗೆ ಬಂದ ಹೊಸ ಲೆಕ್ಕಾಚಾರ, 1981ರಲ್ಲಿ ಸುಟ್ಟುಹೋದ ಜಾಫ್ನಾ ಗ್ರಂಥಾಲಯ, 1983ರ ಜುಲೈ ಗಲಭೆ, ಹೀಗೆ ಸಾಗುತ್ತದೆ ಕಥೆ. ತಪ್ಪೇನಿಲ್ಲ. ಆದರೆ ಇದಕ್ಕೆಲ್ಲ ಅಡಿಪಾಯದಂತೆ ಜಮೀನಿನ ತಕರಾರು ಇತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1949ರಲ್ಲಿ, ಪೂರ್ವದ ಗಲ್ ಓಯ ಕಣಿವೆಯಲ್ಲಿ ನೀರಾವರಿ ಯೋಜನೆ ಆರಂಭವಾಯಿತು. ಕೆರೆ ಕಟ್ಟಿ, ಕಾಲುವೆ ತೋಡಿ, ದಕ್ಷಿಣದ ಭೂಹೀನ ಸಿಂಹಳ ರೈತರನ್ನು ತಂದು ನೆಲೆಗೊಳಿಸುವ ಕೆಲಸವೂ ಅದರೊಟ್ಟಿಗೆ ನಡೆಯಿತು. ಬಡವರಿಗೆ ಭೂಮಿ ಕೊಟ್ಟರೆ ಯಾರು ಬೇಡ ಎಂದಾರು? ಆದರೆ ತಮ್ಮ ಪ್ರದೇಶದ ಜನಸಂಖ್ಯೆಯ ತಕ್ಕಡಿಯನ್ನೇ ಬದಲಿಸುವ ಹುನ್ನಾರ ಇದು ಎಂದು ತಮಿಳು ನಾಯಕರಿಗೆ ಅನಿಸಿತು. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಕಂ ಮಾಡಿಕೊಂಡ ಒಪ್ಪಂದದಲ್ಲಿ ಭಾಷೆಯ ಜತೆಗೆ ಈ ವಲಸೆ ವಸಾಹತಿನ ವಿಷಯವೂ ಸೇರಿದ್ದು ಅದಕ್ಕೇ. ಮರುವರ್ಷ ಭಿಕ್ಷುಗಳ ಒತ್ತಡಕ್ಕೆ ಮಣಿದ ಪ್ರಧಾನಿ ಒಪ್ಪಂದವನ್ನು ಕೈಬಿಟ್ಟರು.

ಎಂಬತ್ತರ ದಶಕದಲ್ಲಿ ಇದಕ್ಕೆ ಬಂದೂಕಿನ ಕಾವಲೂ ಸೇರಿತು. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳು ಕೂಡುವ ಗಡಿಯಲ್ಲಿ ಮಣಲ್ ಆರು ಎಂಬ ಪ್ರದೇಶವಿದೆ. 1984ರಲ್ಲಿ ಅಲ್ಲಿನ ತಮಿಳು ಹಳ್ಳಿಗಳನ್ನು ಖಾಲಿ ಮಾಡಿಸಿ ಸಿಂಹಳ ಕುಟುಂಬಗಳನ್ನು ನೆಲೆಗೊಳಿಸಲಾಯಿತು. ಹೆಸರು ವೆಲಿ ಓಯ ಎಂದಾಯಿತು. ಎರಡರ ಅರ್ಥವೂ ಒಂದೇ, ಮರಳು ಹೊಳೆ. ಮಳಲು ಎಂಬ ಮಾತು ಬಲ್ಲ ಕನ್ನಡಿಗರಿಗೆ ಮೊದಲ ಹೆಸರು ತಾನಾಗಿ ತಿಳಿಯುತ್ತದೆ. ಹೊಳೆ ಅದೇ, ಮರಳೂ ಅದೇ. ಅಲ್ಲಿ ಉಳುವವರು ಮಾತ್ರ ಬೇರೆಯಾದರು.

ಪಲಾಲಿಯ ಕಥೆ ಇನ್ನೊಂದು ಬಗೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ ವಿಮಾನ ನಿಲ್ದಾಣ ಅಲ್ಲಿದೆ. 1990ರ ಜೂನ್‌ನಲ್ಲಿ ಎರಡನೇ ಸುತ್ತಿನ ಯುದ್ಧ ಹೊತ್ತಿಕೊಂಡಾಗ ಅದರ ಸುತ್ತಲಿನ ವಲಿಕಾಮಂ ಉತ್ತರದ ಹಳ್ಳಿಗಳು ಬರಿದಾದವು. ಕಾಂಕೇಸಂತುರೈ ಬಂದರು, ಅಲ್ಲಿನ ಸಿಮೆಂಟ್ ಕಾರ್ಖಾನೆ, ದೋಣಿಗಳಿಂದ ಗಿಜಿಗುಡುತ್ತಿದ್ದ ಮಯಿಲಿಟ್ಟಿ ಮೀನುಗಾರಿಕೆ ಧಕ್ಕೆ ಎಲ್ಲವೂ ಅತಿಭದ್ರತಾ ವಲಯ ಎನಿಸಿಕೊಂಡವು. ಜನ ಒಂದೆರಡು ವಾರಕ್ಕೆಂದು ಬೀಗ ಹಾಕಿಕೊಂಡು ಹೊರಟು ಮಲ್ಲಾಕಂ ಮತ್ತು ಸುತ್ತಮುತ್ತಲ ಶಿಬಿರಗಳನ್ನು ಸೇರಿದರು. ಊರಿಗೂ ಶಿಬಿರಕ್ಕೂ ಕೆಲವೇ ಕಿಲೋಮೀಟರ್ ಅಂತರ. ಆ ಶಿಬಿರಗಳಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಬೆಳೆದು, ಮದುವೆಯಾಗಿ, ಮಕ್ಕಳನ್ನೂ ಹೆತ್ತರು.

ಅದೇ ವರ್ಷದ ಅಕ್ಟೋಬರಿನಲ್ಲಿ, ಪ್ರತ್ಯೇಕ ತಮಿಳು ದೇಶಕ್ಕಾಗಿ ಸೇನೆಯೊಡನೆ ಕಾದಾಡುತ್ತಿದ್ದ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನೆಲ್ಲ ಹೊರದಬ್ಬಿತು. ಸುಮಾರು 70 ಸಾವಿರಕ್ಕೂ ಹೆಚ್ಚು ಜನ. ಜಾಫ್ನಾದಲ್ಲಿ ಅವರಿಗೆ ಸಿಕ್ಕ ಕಾಲಾವಕಾಶ ಎರಡು ಗಂಟೆ. ತಮಿಳರ ನೆಲದ ಹಕ್ಕಿನ ಬಗ್ಗೆ ಬರೆಯುವವರು ಈ ಸಾಲನ್ನು ನುಂಗಿಬಿಡುವುದು ರೂಢಿಯಾಗಿದೆ. ಪಶ್ಚಿಮ ಕರಾವಳಿಯ ಪುತ್ತಲಂನ ಶಿಬಿರಗಳಲ್ಲಿ ಇಪ್ಪತ್ತು ವರ್ಷ ಕಳೆದು ಊರಿಗೆ ಮರಳಿದ ಮುಸ್ಲಿಂ ಕುಟುಂಬಗಳಿಗೆ ಎದುರಾದದ್ದೂ ಅದೇ ಪ್ರಶ್ನೆ: ಜಾಗ ನಿಮ್ಮದೆನ್ನಲು ಕಾಗದ ಎಲ್ಲಿ?

ಕಾಗದ ಎಂದರೆ ಜಾಫ್ನಾದಲ್ಲಿ ಉರುದಿ. ಅಲ್ಲಿನ ಕ್ರಯಪತ್ರಕ್ಕೆ ಹಾಗೆನ್ನುತ್ತಾರೆ. ನೆಲವನ್ನು ಪರಪ್ಪುಗಳಲ್ಲಿ ಅಳೆಯುತ್ತಾರೆ. 16 ಪರಪ್ಪು ಕೂಡಿದರೆ ಒಂದು ಎಕರೆ. ಜಾಫ್ನಾದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಸುಣ್ಣಕಲ್ಲಿನ ಭೂಮಿ, ಬಾವಿ ನೀರೇ ಗತಿ. ಹಾಗಾಗಿ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲಾದಾಗ ಹೊಲದ ಜತೆಗೆ ಬಾವಿಯಲ್ಲಿನ ಪಾಲು, ಬಾವಿಗೆ ಹೋಗುವ ಕಾಲುದಾರಿಯ ಪಾಲು ಕೂಡ ಉರುದಿಯಲ್ಲಿ ದಾಖಲಾಗುತ್ತವೆ. ಇದಕ್ಕೆ ಆಧಾರವಾಗಿರುವುದು ಡಚ್ಚರು 1707ರಲ್ಲಿ ಬರಹಕ್ಕಿಳಿಸಿದ ತೇಸವಳಮೈ ಎಂಬ ಸ್ಥಳೀಯ ಕಾನೂನು. ಅದರಂತೆ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಡುವ ಚೀದನದಲ್ಲಿ ಮನೆ, ಹೊಲ ಅವರ ಹೆಸರಿಗೇ ಬರುತ್ತದೆ. ಆದ್ದರಿಂದ ವಲಿಕಾಮಂನಲ್ಲಿ ಬೇಲಿ ಬಿದ್ದಾಗ ಕಳೆದುಹೋದದ್ದು ಬಹುಮಟ್ಟಿಗೆ ಹೆಂಗಸರ ಆಸ್ತಿ. ಮಗಳ ಮದುವೆಗೆ ಕೊಡಬೇಕಾದ ಹೊಲ ಸೇನೆಯ ಬೇಲಿಯೊಳಗಿದ್ದರೆ ಸಂಬಂಧ ಕೂಡಿಬರುವುದೂ ಕಷ್ಟ.

2009ರ ಮೇ ತಿಂಗಳಲ್ಲಿ ಮುಲ್ಲೈತೀವು ಕಡಲತೀರದ ಮುಳ್ಳಿವಾಯ್ಕಾಲ್‌ನಲ್ಲಿ ಯುದ್ಧ ಮುಗಿಯಿತು. ಒಂದೆಡೆ ಸಮುದ್ರ, ಇನ್ನೊಂದೆಡೆ ನಂದಿಕಡಲ್ ಹಿನ್ನೀರು. ನಡುವಿನ ಮರಳ ಪಟ್ಟಿಯಲ್ಲಿ ಲಕ್ಷಾಂತರ ಜನ ಸಿಕ್ಕಿಬಿದ್ದಿದ್ದರು. ಎಲ್‌ಟಿಟಿಇ ಅವರನ್ನು ಹೊರಹೋಗಲು ಬಿಡಲಿಲ್ಲ, ಸೇನೆ ಶೆಲ್ ದಾಳಿ ನಿಲ್ಲಿಸಲಿಲ್ಲ. ಆ ಕೊನೆಯ ತಿಂಗಳುಗಳಲ್ಲಿ 40 ಸಾವಿರದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಬದುಕುಳಿದ ಸುಮಾರು 3 ಲಕ್ಷ ಜನರನ್ನು ತಂತಿಬೇಲಿಯ ಶಿಬಿರಗಳಿಗೆ ತುಂಬಲಾಯಿತು. ಅಲ್ಲಿಗೆ ಬರುವ ಹೊತ್ತಿಗೆ ಎಷ್ಟೋ ಮಂದಿಯ ಬಳಿ ಉರುದಿಯೂ ಇರಲಿಲ್ಲ, ಗುರುತಿನ ಚೀಟಿಯೂ ಇರಲಿಲ್ಲ.

ಶಿಬಿರಗಳ ಪೈಕಿ ದೊಡ್ಡದಾದ ಮೆನಿಕ್ ಫಾರಂ 2012ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಎಲ್ಲರೂ ಮನೆ ಸೇರಿದರು ಎಂದು ಸರ್ಕಾರ ಹೇಳಿಕೊಂಡಿತು. ಕೊನೆಯದಾಗಿ ಹೊರಟವರು ಕೇಪ್ಪಾಪುಲವು ಹಳ್ಳಿಯವರು. ಅವರ ಊರಿನಲ್ಲಿ ಸೇನೆಯ ನೆಲೆ ಇದ್ದುದರಿಂದ ಅವರನ್ನು ಸೀನಿಯಾಮೊಟ್ಟೈ ಎಂಬಲ್ಲಿ ಕಾಡು ಸವರಿದ ಜಾಗದಲ್ಲಿ ಇಳಿಸಲಾಯಿತು. ಸರ್ಕಾರದ ಲೆಕ್ಕದಲ್ಲಿ ಅದೂ ಪುನರ್ವಸತಿಯೇ.

ಮರುವರ್ಷ ಪಲಾಲಿ ಸುತ್ತಮುತ್ತ 6,381 ಎಕರೆಯನ್ನು ಸೇನೆಗಾಗಿ ಸ್ವಾಧೀನಪಡಿಸಿಕೊಳ್ಳುವ ನೋಟಿಸು ಹೊರಬಿತ್ತು. ಜಮೀನಿನ ವಾರಸುದಾರರು ಪತ್ತೆಯಾಗಿಲ್ಲ ಎಂದು ಅದರಲ್ಲಿ ಬರೆದಿತ್ತು. ವಾರಸುದಾರರು ಬೇಲಿಯ ಇತ್ತ ಕಡೆಯ ಶಿಬಿರಗಳಲ್ಲೇ, ಸರ್ಕಾರದ್ದೇ ಪಡಿತರ ತಿಂದುಕೊಂಡು ಕೂತಿದ್ದರು. ಸಾವಿರಾರು ಮಂದಿ ನ್ಯಾಯಾಲಯಕ್ಕೆ ಹೋದರು. ಬೇಲಿಯ ಒಳಗೆ ಸೇನೆ ತರಕಾರಿ ಬೆಳೆಯುತ್ತಿತ್ತು; ಕಾಂಕೇಸಂತುರೈ ಕಡಲಂಚಿನಲ್ಲಿ ಪ್ರವಾಸಿಗರಿಗಾಗಿ ತಾಲ್ ಸೆವನ ಎಂಬ ರೆಸಾರ್ಟನ್ನೂ ನಡೆಸುತ್ತಿತ್ತು. ಭದ್ರತೆಗೆಂದು ಜನರನ್ನು ಹೊರಗಿಟ್ಟ ಜಾಗದಲ್ಲಿ ಹನಿಮೂನಿಗೆ ಕೋಣೆ ಸಿಗುತ್ತಿತ್ತು ಎಂದರೆ ನಂಬುವುದು ಕಷ್ಟ, ಆದರೆ ನಿಜ.

2015ರ ಅಧ್ಯಕ್ಷ ಚುನಾವಣೆಯಲ್ಲಿ ಮಹಿಂದ ರಾಜಪಕ್ಸ ಸೋತು ಮೈತ್ರಿಪಾಲ ಸಿರಿಸೇನ ಬಂದಾಗ ಗಾಳಿ ಬದಲಾದಂತೆ ಕಂಡಿತು. ಸ್ಥಳಾಂತರಗೊಂಡವರನ್ನೆಲ್ಲ ಆರು ತಿಂಗಳೊಳಗೆ ಮನೆ ಸೇರಿಸುವುದಾಗಿ ಅವರು ಮಾತು ಕೊಟ್ಟರು. ಆರು ತಿಂಗಳು ಕಳೆಯಿತು. ಆಮೇಲೆ ಸಿಕ್ಕಿದ್ದು ಕಂತಿನಲ್ಲಿ: ಇಲ್ಲೊಂದು ಶಾಲೆ, ಅಲ್ಲೊಂದು ದೇವಸ್ಥಾನ, 2017ರ ಜುಲೈನಲ್ಲಿ ಮಯಿಲಿಟ್ಟಿಯ ಧಕ್ಕೆ. ಜನ ಕಾಯುವುದನ್ನು ಬಿಟ್ಟು ಎದ್ದು ನಿಂತದ್ದೂ ಆಗಲೇ. ಕೇಪ್ಪಾಪುಲವು ಬಳಿಯ ಪಿಲಕುಡಿಯಿರುಪ್ಪು ಎಂಬಲ್ಲಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ವಾಯುಪಡೆಯ ಗೇಟಿನ ಮುಂದೆ ಒಂದು ತಿಂಗಳು ರಸ್ತೆಬದಿಯಲ್ಲೇ ಅಡುಗೆ ಮಾಡಿ, ಅಲ್ಲೇ ಮಲಗಿದರು. 2017ರ ಮಾರ್ಚ್ 1ರಂದು ಗೇಟು ತೆರೆಯಿತು.

ಇರಣೈತೀವು ದ್ವೀಪದ ಮೀನುಗಾರರದು ಇನ್ನೂ ಗಟ್ಟಿ ಎದೆ. ನೌಕಾಪಡೆ ದ್ವೀಪ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ, 2018ರ ಏಪ್ರಿಲ್‌ನಲ್ಲಿ ಹತ್ತಾರು ದೋಣಿಗಳಿಗೆ ಬಿಳಿ ಬಾವುಟ ಕಟ್ಟಿಕೊಂಡು ತಾವೇ ಹೋಗಿ ಇಳಿದರು. ನೇರ ಹಳೆಯ ಚರ್ಚಿಗೆ ನಡೆದು ಪ್ರಾರ್ಥನೆ ಮಾಡಿದರು, ಹಿಂದಿರುಗಲಿಲ್ಲ. ಅದೇ ದ್ವೀಪವನ್ನು 2021ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಸತ್ತವರನ್ನು ಹೂಳುವ ಜಾಗ ಎಂದು ಸರ್ಕಾರ ಗೊತ್ತು ಮಾಡಿತು. ಕೊಲಂಬೊ ಕಚೇರಿಯ ನಕ್ಷೆಯಲ್ಲಿ ಅದು ಇನ್ನೂ ಖಾಲಿ ದ್ವೀಪವೇ ಆಗಿತ್ತೆಂದು ಕಾಣುತ್ತದೆ. ದ್ವೀಪದವರು ಬೀದಿಗಿಳಿದ ಮೇಲೆ ಯೋಜನೆ ಬೇರೆಡೆಗೆ ಹೋಯಿತು.

ಉರುದಿ ಇಲ್ಲದ ಬದುಕಿನ ತಾಪತ್ರಯಗಳು ದಿನನಿತ್ಯದವು. ಭಾರತ ಸರ್ಕಾರ ಉತ್ತರ ಮತ್ತು ಪೂರ್ವದಲ್ಲಿ 46 ಸಾವಿರ ಮನೆಗಳಿಗೆ ಹಣ ಕೊಟ್ಟಿತು, ಒಳ್ಳೆಯ ಕೆಲಸ. ಆದರೆ ಮನೆ ಕಟ್ಟಲು ಮೊದಲು ಜಾಗ ತಮ್ಮದೆಂದು ತೋರಿಸಬೇಕಲ್ಲ! ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ಕೊಡುವುದಿಲ್ಲ. ಆ ಸಂದಿಯಲ್ಲಿ ನುಗ್ಗಿದವು ಕಿರುಸಾಲ ಕಂಪನಿಗಳು. ಗಂಡ ಸತ್ತ, ಗಂಡ ಕಾಣೆಯಾದ ಹೆಂಗಸರ ಗುಂಪುಗಳಿಗೆ ಸಾಲ, ವಾರಕ್ಕೊಮ್ಮೆ ಮನೆಬಾಗಿಲಿಗೆ ವಸೂಲಿ, ಒಬ್ಬಳು ಕಟ್ಟದಿದ್ದರೆ ಉಳಿದವರ ತಲೆಗೆ. ಕಂತು ತೀರಿಸಲು ಇನ್ನೊಂದು ಸಾಲ. ಕೈಸಾಲ, ಸಂಘದ ಸಾಲದ ಬಿಸಿ ಕಂಡ ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2018ರಲ್ಲಿ ಸರ್ಕಾರ ಬರಪೀಡಿತ 12 ಜಿಲ್ಲೆಗಳ ಹೆಂಗಸರ 1 ಲಕ್ಷ ರೂಪಾಯಿವರೆಗಿನ ಕಿರುಸಾಲಕ್ಕೆ ಪರಿಹಾರ ಘೋಷಿಸಿ, ಬಡ್ಡಿಗೆ ಶೇ 35ರ ಮಿತಿ ಹಾಕಿತು. ಮಿತಿಯೇ ಶೇ 35!

ಇಲ್ಲಿ ಒಂದು ಗೊಂದಲ ಬಿಡಿಸಿ ಮುಂದೆ ಹೋಗಬೇಕು. ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ ಶ್ರೀಲಂಕಾ ತಮಿಳರನ್ನು ಈ ಯುದ್ಧದ ನಿರಾಶ್ರಿತರೆಂದು ತಿಳಿದವರಿದ್ದಾರೆ. ಅವರದು ಬೇರೆ ಕಥೆ. ಬ್ರಿಟಿಷರು ಚಹಾ ತೋಟಗಳಿಗೆ ಒಯ್ದಿದ್ದ ಕೂಲಿಗಳ ವಂಶ ಅವರದು. 1948ರ ಕಾಯ್ದೆ ಅವರ ಪೌರತ್ವ ಕಿತ್ತುಕೊಂಡಿತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದ ಅವರನ್ನು ಹಡಗು ಹತ್ತಿಸಿತು. ಜಾಫ್ನಾದವರು ನೆಲ ಕಳೆದುಕೊಂಡವರು, ಇವರು ನೆಲವನ್ನೇ ಕಂಡಿರದಿದ್ದವರು.

ನೆಲದೊಳಗೆ ಇರುವುದರ ಕಥೆಯೇ ಬೇರೆ. ಮುಹಮಾಲೈಯ ಹಳೆಯ ಯುದ್ಧರೇಖೆಯಲ್ಲಿ ನೆಲಬಾಂಬುಗಳನ್ನು ಹೆಕ್ಕುವ ಕೆಲಸ ವರ್ಷಗಟ್ಟಲೆ ನಡೆದಿದೆ; ಮೊಣಕಾಲೂರಿ ಇಂಚಿಂಚು ಮಣ್ಣು ಕೆದಕುವವರಲ್ಲಿ ಸ್ಥಳೀಯ ಹೆಂಗಸರು ಬಹಳ. ಜಾಫ್ನಾ ಪಟ್ಟಣದ ಅಂಚಿನ ಚೆಮ್ಮಣಿಯಲ್ಲಿ ಮಣ್ಣು ಬೇರೆಯದನ್ನೇ ಹೊರಹಾಕಿತು. 1996ರಲ್ಲಿ ಅಲ್ಲಿನ ತಪಾಸಣಾ ಠಾಣೆಯಲ್ಲಿ 18 ವರ್ಷದ ಶಾಲಾ ಹುಡುಗಿಯನ್ನು ಅತ್ಯಾಚಾರ ಮಾಡಿ ಕೊಂದ ಪ್ರಕರಣದಲ್ಲಿ ಶಿಕ್ಷೆಗೊಳಗಾದ ಸೈನಿಕನೊಬ್ಬ, 1998ರಲ್ಲಿ ನ್ಯಾಯಾಲಯದಲ್ಲೇ, ಆ ಜಾಗದಲ್ಲಿ 300ರಿಂದ 400 ಹೆಣಗಳನ್ನು ಹೂಳಲಾಗಿದೆ ಎಂದ. ಮರುವರ್ಷ ಅಗೆದಾಗ ಸಿಕ್ಕಿದ್ದು 15. ಕಡತ ಮುಚ್ಚಿಹೋಯಿತು. 2025ರ ಫೆಬ್ರುವರಿಯಲ್ಲಿ ಅಲ್ಲಿನ ಸ್ಮಶಾನದಲ್ಲಿ ಚಿತಾಗಾರ ಕಟ್ಟಲು ಗುಂಡಿ ತೋಡಿದ ಕೂಲಿಗಳಿಗೆ ಮೂಳೆಗಳು ಸಿಕ್ಕವು. ನ್ಯಾಯಾಲಯದ ಉಸ್ತುವಾರಿಯಲ್ಲಿ ಅಗೆಯುತ್ತ ಹೋದಂತೆ ಸಂಖ್ಯೆ 200 ದಾಟಿತು. ಒಂದು ಪುಟ್ಟ ಅಸ್ಥಿಪಂಜರದ ಜತೆ ನೀಲಿ ಬಣ್ಣದ ಶಾಲಾ ಚೀಲ ಇತ್ತು, ತೊಂಬತ್ತರ ದಶಕದಲ್ಲಿ ಯುನಿಸೆಫ್ ಹಂಚುತ್ತಿದ್ದಂಥದು. ಆಟಿಕೆಯೂ ಸಿಕ್ಕಿತು. ಆಗಸ್ಟ್‌ನಲ್ಲಿ ಈ ವಸ್ತುಗಳನ್ನು ಸಾರ್ವಜನಿಕರು ಗುರುತಿಸಲೆಂದು ಸಾಲಾಗಿ ಹರಡಿಟ್ಟರು. ಕಾಣೆಯಾದವರ ತಾಯಂದಿರು ಕಿಲಿನೊಚ್ಚಿಯಲ್ಲಿ 2017ರ ಫೆಬ್ರುವರಿಯಿಂದ ಧರಣಿ ಕೂತವರು. ಅವರಿಗೆ ಅಧ್ಯಕ್ಷ ಗೋಟಬಯ ರಾಜಪಕ್ಸ 2020ರಲ್ಲಿ ಕೊಟ್ಟಿದ್ದ ಉತ್ತರ ಚಿಕ್ಕದು: ಕಾಣೆಯಾದವರೆಲ್ಲ ಸತ್ತಿದ್ದಾರೆ, ಮರಣಪತ್ರ ಕೊಡಿಸುತ್ತೇವೆ.

ಈಗ ಅಧಿಕಾರದಲ್ಲಿರುವವರಿಗೆ ಈ ನೋವು ತಿಳಿಯದ್ದಲ್ಲ. ಅಧ್ಯಕ್ಷ ಅನುರ ಕುಮಾರ ದಿಸ್ಸನಾಯಕೆ ಅವರ ಜೆವಿಪಿ ಎರಡು ಬಾರಿ ಬಂಡೆದ್ದ ಎಡಪಂಥೀಯ ಪಕ್ಷ. 1987-89ರಲ್ಲಿ ಅದರ ಸಾವಿರಾರು ಹುಡುಗರೂ ದಕ್ಷಿಣದಲ್ಲಿ ಹೀಗೇ ಕಾಣೆಯಾದರು. ಹಾಗೆಯೇ 2006ರಲ್ಲಿ, ಆಗ ಒಂದುಗೂಡಿದ್ದ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳನ್ನು ಬೇರ್ಪಡಿಸಲು ಸುಪ್ರೀಂ ಕೋರ್ಟಿಗೆ ಹೋದದ್ದೂ ಇದೇ ಪಕ್ಷ. 2024ರ ನವೆಂಬರಿನಲ್ಲಿ ಅದರ ಮೈತ್ರಿಕೂಟ 225ರಲ್ಲಿ 159 ಸ್ಥಾನ ಗೆದ್ದಿತು. ಜಾಫ್ನಾ ಜಿಲ್ಲೆಯ ಆರರಲ್ಲಿ ಮೂರು ಅದರದೇ ಆಯಿತು. ದಕ್ಷಿಣದ ಪಕ್ಷಕ್ಕೆ ಅಲ್ಲಿ ಅಂಥ ಮತ ಹಿಂದೆಂದೂ ಬಿದ್ದಿರಲಿಲ್ಲ. ಹಳೆಯ ತಮಿಳು ಪಕ್ಷಗಳ ಒಳಜಗಳಕ್ಕೆ ಬೇಸತ್ತವರು, ಈತನಾದರೂ ಮಾಡಿಯಾನು ಎಂದು ಕೊಟ್ಟ ಮತ ಅದು.

ನಾಲ್ಕು ತಿಂಗಳ ನಂತರ, ಮಾರ್ಚ್ 28ರಂದು, ಗೆಜೆಟ್ ಪ್ರಕಟಣೆಯೊಂದು ಬಂತು. ಉತ್ತರದ ನಾಲ್ಕು ಜಿಲ್ಲೆಗಳ 5,940 ಎಕರೆಗೆ ಮೂರು ತಿಂಗಳೊಳಗೆ ಹಕ್ಕು ಸಾಧಿಸಬೇಕು, ಇಲ್ಲದಿದ್ದರೆ ಅದು ಸರ್ಕಾರದ್ದು. ಯುದ್ಧದಲ್ಲಿ, ಸುನಾಮಿಯಲ್ಲಿ ಕಾಗದ ಕಳೆದುಕೊಂಡವರಿಗೆ ಮೂರು ತಿಂಗಳು. ವಾರಸುದಾರರಲ್ಲಿ ಎಷ್ಟೋ ಮಂದಿ ಟೊರೊಂಟೊ, ಲಂಡನ್, ತಮಿಳುನಾಡಿನ ಶಿಬಿರಗಳಲ್ಲಿದ್ದಾರೆ. ವಕೀಲ ಎಂ.ಎ. ಸುಮಂತಿರನ್ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಜೂನ್ 27ರಂದು ತಡೆ ಸಿಕ್ಕಿತು, ಸರ್ಕಾರ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ದುರುದ್ದೇಶ ಇರಲಿಲ್ಲ, ಜನರ ಹಕ್ಕನ್ನು ಇತ್ಯರ್ಥ ಮಾಡುವುದೇ ಗುರಿಯಾಗಿತ್ತು ಎಂಬ ಸರ್ಕಾರದ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ವಾರಸುದಾರರು ಪತ್ತೆಯಾಗಿಲ್ಲ ಎಂಬ 2013ರ ನೋಟಿಸನ್ನು ಓದಿದ ಊರಿಗೆ ಇದು ಬೇರೆ ಹೇಗೆ ಕೇಳಿಸೀತು? ಪಲಾಲಿ ರಸ್ತೆ ತೆರೆದದ್ದು ಈ ಪ್ರಕಟಣೆ ಬಂದ ಎರಡು ವಾರದೊಳಗೆ, ಸ್ಥಳೀಯ ಚುನಾವಣೆಗೆ ಒಂದು ತಿಂಗಳಿಗೂ ಕಡಿಮೆ ಇರುವಾಗ. ಮೇ ತಿಂಗಳ ಆ ಚುನಾವಣೆಯಲ್ಲಿ ಉತ್ತರದ ಮತ ಮತ್ತೆ ತಮಿಳು ಪಕ್ಷಗಳತ್ತ ಹೊರಳಿತು.

ಕಾಂಕೇಸಂತುರೈ ಬಳಿಯ ತೈಯಿಟ್ಟಿಯಲ್ಲಿ, ಜನರನ್ನು ಹೊರಗಿಟ್ಟಿದ್ದ ವರ್ಷಗಳಲ್ಲಿ, ಖಾಸಗಿ ಜಮೀನಿನ ಮೇಲೆ ಸೇನೆಯ ನೆರವಿನಿಂದ ತಿಸ್ಸ ವಿಹಾರ ಎಂಬ ದೊಡ್ಡ ಬೌದ್ಧ ದೇಗುಲ ಎದ್ದಿದೆ. ಹುಣ್ಣಿಮೆಯ ದಿನ ಅಲ್ಲಿ ಪೂಜೆಗೆ ಭಕ್ತರು ಬರುತ್ತಾರೆ. 2023ರಿಂದ ಹುಣ್ಣಿಮೆಯ ದಿನಗಳಲ್ಲೇ ಜಮೀನಿನ ಮಾಲೀಕರೂ ಬರುತ್ತಾರೆ, ಪೊಲೀಸರೂ ಬರುತ್ತಾರೆ. ಭಕ್ತರು ಹೂವು ಹಿಡಿದು ಒಳಗೆ ಹೋಗುತ್ತಾರೆ. ಮಾಲೀಕರು ಹೊರಗೆ, ತಮ್ಮದೇ ಹೊಲದ ಅಂಚಿನಲ್ಲಿ, ಫಲಕ ಹಿಡಿದು ಸಂಜೆಯವರೆಗೂ ನಿಂತಿರುತ್ತಾರೆ.