ಭೂಕಂಪ ಓದಿದವರಿಗೆ ಮಂಗಳೂರಲ್ಲಿ ಏನು ಕೆಲಸ?

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ, ಭೂಕಂಪ ವಿಜ್ಞಾನ ಓದುವ ಆಸೆ. ನಮ್ಮದು ಮುರಕಲ್ಲಿನ ಗಟ್ಟಿ ನೆಲ, ಇಲ್ಲಿ ಭೂಕಂಪ ಆಗುವುದೇ ಇಲ್ಲ. ಕಲಿತು ಊರಲ್ಲಿ ಮಾಡುವುದೇನು?

ಓದಿನ ದಾರಿ ಮೊದಲು. ಗಣಿತ, ಭೌತವಿಜ್ಞಾನ ಬಿಡದೆ ಬಿಎಸ್ಸಿ ಮಾಡಲಿ. ಬಳಿಕ ಭೂವಿಜ್ಞಾನ ಇಲ್ಲವೇ ಭೂಭೌತವಿಜ್ಞಾನದಲ್ಲಿ ಎಂಎಸ್ಸಿ. ಐಐಟಿಗಳಿಗೆ ಜಾಮ್ ಪರೀಕ್ಷೆ, ಮನೆ ಹತ್ತಿರವೇ ಬೇಕೆಂದರೆ ಕೊಣಾಜೆಯಲ್ಲಿ ಸಾಗರ ಭೂವಿಜ್ಞಾನ ವಿಭಾಗ. ಯುಪಿಎಸ್‌ಸಿಯ ಜಿಯೋ-ಸೈಂಟಿಸ್ಟ್ ಪರೀಕ್ಷೆ ಪಾಸಾದರೆ ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ), ನೆಟ್ ಬರೆದು ಸಂಶೋಧನೆಗೆ ಹೋದರೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐಯಂಥ ಕಡೆ.

ಇನ್ನು ಆ ಮುರಕಲ್ಲಿನ ಮಾತು. ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸುತ್ತೇನೆ. ಮುರಕಲ್ಲು ಎಂದರೆ ಬಂಡೆ ಮಳೆ-ಬಿಸಿಲಿಗೆ ಕೊಳೆತು, ಕಬ್ಬಿಣದ ಅಂಶ ಉಳಿದು ಗಟ್ಟಿಯಾದ ಸಿಪ್ಪೆ. ಅದರ ದಪ್ಪ ಮೀಟರುಗಳ ಲೆಕ್ಕ. ಭೂಕಂಪ ಹುಟ್ಟುವುದು ಕಿಲೋಮೀಟರುಗಟ್ಟಲೆ ಆಳದ ಬಿರುಕಿನಲ್ಲಿ. ಆ ಸಿಪ್ಪೆಯ ಕೆಳಗೇನಿದೆ ಎಂದು ಬಾವಿ ತೋಡುವವರನ್ನು ಕೇಳಿ: ಕೆಲವು ಕೋಲು ಮುರಕಲ್ಲು, ಅದರಡಿ ನೀರು ತಾಗಿದರೆ ಕುಸಿಯುವ ಶೇಡಿ ಮಣ್ಣು. ಬೆಂಗ್ರೆ, ಮಲ್ಪೆ-ಪಡುಕೆರೆಯಂಥ ಕಡಲಂಚಿನ ಕಡೆ ಮುರಕಲ್ಲೂ ಇಲ್ಲ, ನೀರು ಕುಡಿದ ಮರಳು. ಮೆತ್ತನೆ ಪದರ ಕಂಪನವನ್ನು ಹಿಗ್ಗಿಸುತ್ತದೆ.

ಗಟ್ಟಿ ಕಲ್ಲು ಕಾಯುವುದಾಗಿದ್ದರೆ ದಖನ್ನಿನ ಕಪ್ಪುಶಿಲೆ ಮಹಾರಾಷ್ಟ್ರದ ಕಿಲ್ಲಾರಿಯನ್ನು ಕಾಯಬೇಕಿತ್ತು. 1993ರ ಸೆಪ್ಟೆಂಬರ್ 30ರಂದು ಅಲ್ಲಿ ಭೂಕಂಪಕ್ಕೆ ಸಾವಿರಾರು ಜನ ಸತ್ತರು. ದೇಶದ ಅಂದಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ವಲಯ 1. ಆ ವಲಯವನ್ನೇ 2002ರಲ್ಲಿ ತೆಗೆದುಹಾಕಿದರು. ಭೂಕಂಪ ತಾಳುವ ಕಟ್ಟಡ ವಿನ್ಯಾಸದ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಬೆಂಗಳೂರು ವಲಯ 2, ಅದರ ಅಪಾಯದ ಅಂಕ 0.10, ಮಂಗಳೂರು ವಲಯ 3, ಅಂಕ 0.16. ಹೌದು, ನಮ್ಮದೇ ಹೆಚ್ಚು. 2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ ಕಡೆ ನೆಲ ಅದುರಿದ್ದು ಪ್ರಮಾಣ 3ರ ಆಸುಪಾಸಿನಲ್ಲಿ. ಸಣ್ಣದು ಬಂದು ಒಳಗಿನ ಒತ್ತಡ ಕಳೆಯಿತು ಎಂದೂ ಅಂದುಕೊಳ್ಳಬೇಡಿ: ಪ್ರಮಾಣ 6ರ ಒಂದೇ ಕಂಪನದ ಶಕ್ತಿಗೆ ಪ್ರಮಾಣ 3ರವು 31,000ಕ್ಕೂ ಹೆಚ್ಚು ಬೇಕು.

ಕೆಲಸ ಇರುವುದು ಇಲ್ಲಿಯೇ, ಇಂಥ ನೆಲವನ್ನು ಅಳೆಯುವುದರಲ್ಲಿ. ನೆಲದ ಕಂಪನ ಹಿಡಿಯುವ 24 ಜಿಯೋಫೋನ್‌ಗಳನ್ನು 2 ಮೀಟರ್ ಅಂತರದಲ್ಲಿ ಸಾಲಾಗಿ ನೆಟ್ಟು, ಲೋಹದ ಹಲಗೆ ಮೇಲೆ 8 ಕಿಲೋ ಸುತ್ತಿಗೆಯಿಂದ ಬಡಿದು, ಅಲೆಯ ವೇಗದಿಂದ ಮೇಲಿನ 30 ಮೀಟರ್ ನೆಲದ ಗುಣ ಅಳೆಯಬೇಕು. ಒಂದೇ ಹೊಡೆತ ಸಾಲದು. ರಸ್ತೆಯ ಸದ್ದು ಅಡಗಲು ಹಲವು ಹೊಡೆತಗಳನ್ನು ಕೂಡಿಸಬೇಕು. ನಮ್ಮಲ್ಲಿ ತಪ್ಪುವುದು ಲೆಕ್ಕದಲ್ಲಿ. ಆಳಕ್ಕೆ ಹೋದಂತೆ ನೆಲ ಗಟ್ಟಿಯಾಗುತ್ತದೆ ಎಂದುಕೊಂಡು ಲೆಕ್ಕ ಹಾಕಿದರೆ, ಮುರಕಲ್ಲಿನಡಿಯ ಶೇಡಿ ಕಾಣದೇ ಹೋಗುತ್ತದೆ. ಆದ್ದರಿಂದ ಪಕ್ಕದಲ್ಲೊಂದು ಬೋರ್ ಕೊರೆದು ಎಸ್‌ಪಿಟಿ (ಕೊಳವೆ ಇಳಿಸಲು ಬೇಕಾದ ಪೆಟ್ಟು ಎಣಿಸುವ ಪರೀಕ್ಷೆ) ಮಾಡಿ ತಾಳೆ ನೋಡದ ವರದಿಯನ್ನು ಒಪ್ಪಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಪಾರ್ಟ್‌ಮೆಂಟುಗಳನ್ನು ನೋಡಿ: ಕೆಳಗೆ ಬರೀ ಪಿಲ್ಲರ್, ಪಾರ್ಕಿಂಗ್, ಮೇಲೆ ಗೋಡೆ ತುಂಬಿದ ಮಹಡಿಗಳು. ಅದುರಿದರೆ ಮೊದಲು ಮಡಚುವುದು ಆ ಕೆಳಗಿನ ಅಂತಸ್ತು. ವಲಯ 3ರಲ್ಲಿ ಕಾಂಕ್ರೀಟಿನೊಳಗಿನ ಕಬ್ಬಿಣ ಕಟ್ಟುವ ಮಾನಕ ಐಎಸ್ 13920 ಕಡ್ಡಾಯ: ಪಿಲ್ಲರಿನ ಕಂಬಿಗಳನ್ನು ಸುತ್ತುವ ರಿಂಗ್‌ನ ಕೊಕ್ಕೆ 135 ಡಿಗ್ರಿ ಬಾಗಿ, ತುದಿ ಕನಿಷ್ಠ 65 ಮಿ.ಮೀ. ಒಳಗೆ ಹೋಗಿರಬೇಕು, ಬೀಮ್ ಕೂಡುವಲ್ಲಿನ ಪಿಲ್ಲರ್ ತುದಿಗಳಲ್ಲಿ ರಿಂಗ್‌ಗಳ ಅಂತರ 100 ಮಿ.ಮೀ. ಮೀರಬಾರದು. 90 ಡಿಗ್ರಿಗೆ ಬಗ್ಗಿಸಿ ಬಿಟ್ಟ ರಿಂಗ್ ಹೊರಗಿನ ಕಾಂಕ್ರೀಟ್ ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಹಾಕುವ ಹಿಂದಿನ ದಿನವೇ ಹೋಗಿ ನೋಡಿ. ಹಾಕಿದ ಮೇಲೆ ಕಾಣುವುದಿಲ್ಲ.