ಕರೆಂಟ್ ಕೊಡಿಸಿಕೊಂಡು ಬಂದ ಅಜ್ಜಿ ಮಗುವನ್ನು ಮುಟ್ಟಬಹುದಾ?

ಪ್ರಶ್ನೆ: ನಮ್ಮ ಅತ್ತೆಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ, ಕೀಮೋ ಮುಗಿದು, ಈಗ ದಿನಾ ರೇಡಿಯೇಷನ್ ನಡೆಯುತ್ತಿದೆ. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಹತ್ತಿರ ಬಿಡಬೇಡಿ, ಮಗುವಿಗೂ ತಗಲುತ್ತೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಅತ್ತೆ ತಾವೇ ಬೇರೆ ತಟ್ಟೆ, ಬೇರೆ ಕೋಣೆ ಮಾಡಿಕೊಂಡಿದ್ದಾರೆ. ಏನು ಮಾಡಲಿ?
(ಬನಶಂಕರಿಯ ಓದುಗರು)

ಉತ್ತರ: ಇವತ್ತು ರಾತ್ರಿಯಿಂದಲೇ ಅತ್ತೆಯನ್ನು ಎಲ್ಲರ ಜೊತೆ ಊಟಕ್ಕೆ ಕೂರಿಸಿ. ಮಗು ಅಜ್ಜಿಯ ತೊಡೆ ಮೇಲೆ ಕೂರಲಿ. ಹೊರಗಿನಿಂದ ಮೆಷಿನ್ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ.

ಈ ಹೆದರಿಕೆಗೆ ಅರ್ಧ ಕಾರಣ ನಾವಿಟ್ಟ ಹೆಸರೇ ಇರಬೇಕು. ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅಂತೀವಿ. ಕರೆಂಟ್ ಅಂದಮೇಲೆ ಮುಟ್ಟಿದವರಿಗೂ ಹೊಡೆಯಬೇಕು ತಾನೇ? ನಿಜಕ್ಕೂ ಅದು ಕೈ ಮುರಿದಾಗ ತೆಗೆಯುವ ಎಕ್ಸ್‌ರೇ ಜಾತಿಯದೇ ಕಿರಣ, ಶಕ್ತಿ ಮಾತ್ರ ತುಂಬಾ ಜಾಸ್ತಿ. ಲಿನ್ಯಾಕ್ ಅನ್ನುವ ಮೆಷಿನ್ ಅದನ್ನು ವಿದ್ಯುತ್ತಿನಿಂದ ಹುಟ್ಟಿಸುತ್ತದೆ. ಮೆಷಿನ್ ಆಫ್ ಆದರೆ ಕಿರಣವೂ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವರನ್ನು ನಾವು ದೂರ ಕೂರಿಸುವುದಿಲ್ಲ, ಅಲ್ವಾ?

ನಮ್ಮ ದೊಡ್ಡಮ್ಮನಿಗೆ ಇದೇ ಚಿಕಿತ್ಸೆ ನಡೆದಾಗ ಸೋಮವಾರದಿಂದ ಶುಕ್ರವಾರ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಷ್ಟು ಹೊತ್ತು ಅವರು ಮೆಷಿನ್ ಕೆಳಗೆ ಮಲಗುತ್ತಿರಲಿಲ್ಲ. ಬೇಸ್‌ಮೆಂಟಿನಲ್ಲಿ ಕಾಯುವಾಗ ಶಿರಾ ಕಡೆಯ ಒಬ್ಬ ಅಜ್ಜಿ ಸಿಗುತ್ತಿದ್ದರು. ಚೀಲದಲ್ಲಿ ಅವರದೇ ಸ್ಟೀಲ್ ಲೋಟ. ಯಾರು ಕಾಫಿ ಕೊಟ್ಟರೂ ಅದಕ್ಕೇ ಹುಯ್ಯಿಸಿಕೊಳ್ಳುತ್ತಿದ್ದರು. “ನನ್ ಕರೆಂಟು ನಿಮ್ಗ್ಯಾಕೆ” ಅನ್ನುತ್ತಿದ್ದರು. ಒಂದು ದಿನ ಟೆಕ್ನಿಷಿಯನ್ ಹುಡುಗಿಯನ್ನೇ ಹಿಡಿದು ಕೇಳಿದರು: “ಏನೂ ಆಗಲ್ಲ ಅಂತೀಯ, ಮತ್ತೆ ನೀನ್ಯಾಕಮ್ಮ ಬಾಗ್ಲಾಕ್ಕಂಡು ಓಡೋಗ್ತೀಯ?”

ಹುಡುಗಿ ನಕ್ಕಳು. “ನಿಮಗೆ 15 ದಿನ ಅಜ್ಜಿ. ನನಗೆ ದಿನಕ್ಕೆ 40 ಜನ, ವರ್ಷಪೂರ್ತಿ. ಪ್ರತಿ ಸಲ ಒಳಗೇ ನಿಂತರೆ ನನ್ನ ಗತಿ ಏನು? ಆದ್ರೆ ಮೆಷಿನ್ ನಿಂತ ತಕ್ಷಣ ಒಳಗೆ ಬಂದು ನಿಮ್ಮ ಕೈ ಹಿಡಿದು ಇಳಿಸೋದು ಯಾರು?” ಅಜ್ಜಿ ಮಾತಾಡಲಿಲ್ಲ. ಲೋಟ ಮಾತ್ರ ಆಮೇಲೂ ತರುತ್ತಿದ್ದರು.

ನಿಮ್ಮ ಅತ್ತೆಗೆ ಹೇಳಲು ಇದಕ್ಕಿಂತ ಒಳ್ಳೆ ಮಾತು ನನಗೆ ಗೊತ್ತಿಲ್ಲ. ಇನ್ನೂ ಧೈರ್ಯ ಬರದಿದ್ದರೆ ಇದನ್ನೂ ಹೇಳಿ: ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಇದೆ. ಅಲ್ಲಿನ ಧರ್ಮಶಾಲೆಯಲ್ಲಿ ದೂರದ ಊರುಗಳ ರೋಗಿಗಳೂ ಅವರ ಮನೆಯವರೂ ಒಟ್ಟಿಗೇ ಉಳಿದುಕೊಳ್ಳುತ್ತಾರೆ.

ಐಎಂಆರ್‌ಟಿ, ಐಜಿಆರ್‌ಟಿ, ಸೈಬರ್‌ನೈಫ್ ಅಂತ ಹೊಸ ಹೆಸರು ಕೇಳಿ ಗಾಬರಿಯಾಗಬೇಡಿ. ಗುರಿ ಹೆಚ್ಚು ನಿಖರ, ಅಷ್ಟೇ. ಎಡಗಡೆ ಸ್ತನವಾದರೆ ಎಷ್ಟೋ ಕಡೆ ಉಸಿರು ಎಳೆದು ಬಿಗಿಹಿಡಿಯಲು ಹೇಳುತ್ತಾರೆ. ಶ್ವಾಸಕೋಶ ತುಂಬಿದಾಗ ಹೃದಯ ಕಿರಣದ ದಾರಿಯಿಂದ ಸರಿಯುತ್ತದೆ. ಹಳೆಯ ಕೋಬಾಲ್ಟ್ ಮೆಷಿನ್ನಿನದೂ ಹೊರಗಿನಿಂದ ಬೀಳುವ ಕಿರಣವೇ, ಮೈಯಲ್ಲಿ ಉಳಿಯುವುದಿಲ್ಲ.

ಹಾಗಾದರೆ ದೂರ ಇರಬೇಕಾದ ಸಂದರ್ಭವೇ ಇಲ್ಲವಾ? ಇದೆ. ಥೈರಾಯ್ಡ್ ಕ್ಯಾನ್ಸರ್‌ಗೆ ರೇಡಿಯೋ ಅಯೋಡಿನ್ ಕುಡಿಸಿದರೆ ಔಷಧಿಯೇ ದೇಹದೊಳಗಿರುತ್ತದೆ. ಅದರ ಶಕ್ತಿ ಅರ್ಧವಾಗಲು 8 ದಿನ ಬೇಕು, ಮೂತ್ರದಲ್ಲೂ ಹೊರಗೆ ಹೋಗುತ್ತಿರುತ್ತದೆ. ಅದಕ್ಕೇ ಪ್ರತ್ಯೇಕ ಕೋಣೆಯಲ್ಲಿಟ್ಟು, ಮನೆಗೆ ಕಳಿಸುವಾಗ ಮಕ್ಕಳು, ಗರ್ಭಿಣಿಯರಿಂದ ಎಷ್ಟು ದಿನ ದೂರ ಇರಬೇಕು ಅಂತ ಹೇಳುತ್ತಾರೆ. ಅದನ್ನು ಚಾಚೂ ತಪ್ಪದೆ ಪಾಲಿಸಿ. ಪೆಟ್ ಸ್ಕ್ಯಾನ್ ಇಂಜೆಕ್ಷನ್ನಿನದು ಸಾಮಾನ್ಯವಾಗಿ ಕೆಲವು ಗಂಟೆಗಳ ಮಾತು. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಒಳಗಿಂದ ರೇಡಿಯೇಷನ್ ಕೊಡುವಾಗ ಕಿರಣ ಸೂಸುವ ಇರಿಡಿಯಂ ತುಣುಕು ತಂತಿಯ ತುದಿಯಲ್ಲಿ ಹೋಗಿ, ಕೆಲವೇ ನಿಮಿಷದಲ್ಲಿ ವಾಪಸ್ ಬರುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ. ಅನುಮಾನ ಬಂದರೆ ಡಾಕ್ಟರನ್ನು ಒಂದೇ ಮಾತು ಕೇಳಿ: “ಔಷಧಿ ಒಳಗೆ ಉಳಿಯುತ್ತಾ?”

ನಿಮ್ಮ ಮನೆಯಲ್ಲಿ ನಾನು ಹೆದರುವುದಾದರೆ ಉಲ್ಟಾ ಹೆದರುತ್ತೇನೆ. ಕೀಮೋ ಈಗಷ್ಟೇ ಮುಗಿದಿದ್ದರೆ ಅತ್ತೆಯ ಬಿಳಿ ರಕ್ತಕಣ ಕಡಿಮೆ ಇರಬಹುದು. ಮಗುವಿಗೆ ನೆಗಡಿ, ಜ್ವರ ಇದ್ದರೆ ಆ ದಿನಗಳಲ್ಲಿ ಮಗುವೇ ಸ್ವಲ್ಪ ದೂರ ಇರಲಿ. ಇನ್ನೊಂದು ವಿಷಯ. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಕೈಯಲ್ಲಿ ಹತ್ತು ಕೆಜಿಯ ಮಗುವನ್ನು ಒಮ್ಮೆಲೇ ಎತ್ತುವುದು ಬೇಡ. ಕೈ ಊದಿಕೊಳ್ಳಬಹುದು. ಫಿಸಿಯೋಥೆರಪಿಯವರು ಸರಿ ಅನ್ನುವ ತನಕ ಅತ್ತೆ ಕೂತಿರಲಿ, ಮಗುವನ್ನು ನೀವು ಎತ್ತಿ ಕೊಡಿ.

ಎದೆಯ ಮೇಲೆ ಗುರುತಿಗೆ ಗೆರೆ ಎಳೆದಿರುತ್ತಾರಲ್ಲ, ಮಗು ಅದನ್ನು ಕೆರೆಯದ ಹಾಗೆ ನೋಡಿಕೊಳ್ಳಿ. ಮೆತ್ತನೆ ಹತ್ತಿ ಬಟ್ಟೆ ಹಾಕಿಸಿ. ಅಲ್ಲಿ ಸೋಪು ತಿಕ್ಕುವುದು, ಅರಿಶಿನ ಹಚ್ಚುವುದು ಬೇಡ. ಗೆರೆ ಅಳಿಸಿಹೋದರೆ ಮನೆಯ ಪೆನ್ನಲ್ಲಿ ನೀವೇ ತಿದ್ದಬೇಡಿ. ಮಾರನೇ ದಿನ ಟೆಕ್ನಿಷಿಯನ್‌ಗೆ ಹೇಳಿದರೆ ಸಾಕು.